ಎರಡು ಬಿಡುಗಡೆಗಳ ನಡುವಣ ಕಾಗದ: ಚಿತ್ರದುರ್ಗ ಸೀಮೆಯ ಸ್ವಾತಂತ್ರ್ಯ ದಾಖಲೆಗಳು

ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಸ್ವಾತಂತ್ರ್ಯವು ಒಂದೇ ದಿನದಲ್ಲಿ ಬರಲಿಲ್ಲ. 1947ರ ಆಗಸ್ಟ್ 15ರಂದು ಬ್ರಿಟಿಷರ ಪರಮಾಧಿಕಾರ ಕೊನೆಗೊಂಡಿತು. ಆದರೆ ಆಡಳಿತವು ದಿವಾನರ ಕೈಯಿಂದ ಪ್ರಜಾಪ್ರತಿನಿಧಿಗಳ ಕೈಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ ಕೊನೆಯ ವಾರದಲ್ಲಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ಸ್ವೀಕರಿಸಿದಾಗ. ಈ ನಡುವಣ ಸುಮಾರು 70 ದಿನಗಳು ಭಾರತದ ಸ್ವಾತಂತ್ರ್ಯದ ಸಾಮಾನ್ಯ ಚರಿತ್ರೆಯಲ್ಲಿ ಒಂದೆರಡು ವಾಕ್ಯಗಳಿಗೆ ಮುಗಿದುಹೋಗುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ತಾಲ್ಲೂಕುಗಳ ಮಟ್ಟಿಗೆ ಮಾತ್ರ ಈ ಅಂತರವೇ ಮುಖ್ಯವಾದುದು. ಇಲ್ಲಿನ ಹೋರಾಟಗಾರರು ಎದುರಿಸಿದ್ದು ಒಂದಲ್ಲ, ಎರಡು ಅಧಿಕಾರಗಳನ್ನು. ಅವರನ್ನು ಕುರಿತ ದಾಖಲೆಗಳನ್ನೂ ಛಾಯಾಚಿತ್ರಗಳನ್ನೂ ಓದುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

ದಾಖಲೆಗಳ ಮೊದಲ ತೊಡಕು ಹೆಸರುಗಳದು. ಆಂಗ್ಲ ಅಧಿಕಾರಿಗಳ ಬರಹದಲ್ಲಿ ಚಿತ್ರದುರ್ಗವು ‘ಚಿತಲ್‌ಡ್ರೂಗ್’ ಆಗಿದೆ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು 1881ರವರೆಗೆ ಕಮಿಷನರುಗಳ ಮೂಲಕ ಸಂಸ್ಥಾನವನ್ನು ಆಳಿದರು. ಆ ಐವತ್ತು ವರ್ಷಗಳ ಕಡತಗಳಲ್ಲಿಯೂ, ಆ ಬಳಿಕ ದಿವಾನರ ಕಾಲದ ಕಡತಗಳಲ್ಲಿಯೂ ಆ ಹೆಸರೇ ಮುಂದುವರಿಯಿತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೊಂದನೆಯ ಸಂಪುಟವೂ ಈ ಜಿಲ್ಲೆಯ ಶಾಸನಗಳನ್ನು ಅದೇ ಹೆಸರಿನಡಿ ಪ್ರಕಟಿಸಿತು. ಹೊಸದುರ್ಗದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಕಾಸರಗೋಡು ಸೀಮೆಯಲ್ಲಿಯೂ ಒಂದು ಹೊಸದುರ್ಗವಿದೆ. ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ನೇರವಾಗಿ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಸೂಚಿಯಲ್ಲಿ ಊರಿನ ಹೆಸರನ್ನಷ್ಟೇ ನೋಡಿ ಮುಂದೆ ಹೋಗುವ ವಿದ್ಯಾರ್ಥಿ ಒಂದು ಚಳವಳಿಯ ಕಾಗದವನ್ನು ಮತ್ತೊಂದರ ಲೆಕ್ಕಕ್ಕೆ ಸೇರಿಸಿಬಿಡುವ ಅಪಾಯವುಂಟು.

ಎರಡನೆಯ ತೊಡಕು ಛಾಯಾಚಿತ್ರಗಳದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಯಾಮೆರಾ ಹಳ್ಳಿಯ ವಸ್ತುವಾಗಿರಲಿಲ್ಲ. ಅದು ಸರ್ಕಾರದ, ಶ್ರೀಮಂತರ, ಪೇಟೆಯ ಸ್ಟುಡಿಯೋಗಳ ಸ್ವತ್ತು. ಆದ್ದರಿಂದ ಸಂಸ್ಥಾನವು ತನ್ನ ಸಾಧನೆಯೆಂದು ಭಾವಿಸಿದ್ದೇ ಚಿತ್ರವಾಗಿ ಉಳಿಯಿತು: ಕೋಟೆ, ದೇವಾಲಯ, ದರ್ಬಾರು, ಅಣೆಕಟ್ಟು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು ಇಂಥ ಹೆಮ್ಮೆಯ ನಿರ್ಮಿತಿ. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತ ಈ ಜಲಾಶಯವು ‘ಮಾದರಿ ಸಂಸ್ಥಾನ’ವೆಂಬ ಕೀರ್ತಿಗೆ ಒಂದು ಆಧಾರವಾಯಿತು. ಆ ಕೀರ್ತಿ ಸುಳ್ಳಲ್ಲ. ಬರಗಾಲದ ಸೀಮೆಗೆ ನೀರು ಬಂದದ್ದು ನಿಜ. ಆದರೆ ನೀರು ಕೊಟ್ಟ ಸರ್ಕಾರವೇ ಮತದ ಹಕ್ಕನ್ನೂ ಸಭೆ ಸೇರುವ ಹಕ್ಕನ್ನೂ ಬಿಗಿಹಿಡಿದಿತ್ತೆಂಬುದು ಅಣೆಕಟ್ಟಿನ ಚಿತ್ರದಲ್ಲಿ ಕಾಣುವುದಿಲ್ಲ. 1908ರ ವೃತ್ತಪತ್ರಿಕಾ ಕಾನೂನನ್ನು ಆ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗಲೇ ಅದರ ಅರ್ಥ ಪೂರ್ಣವಾಗುತ್ತದೆ.

ಈ ವೈರುದ್ಧ್ಯ ಗಾಂಧೀಜಿಯವರ ವಿಷಯದಲ್ಲಿ ಇನ್ನಷ್ಟು ಸ್ಪಷ್ಟ. 1927ರಲ್ಲಿ ಅನಾರೋಗ್ಯದಿಂದ ಬಳಲಿದ ಗಾಂಧೀಜಿ ನಂದಿಬೆಟ್ಟದಲ್ಲಿ, ಅನಂತರ ಬೆಂಗಳೂರಿನ ಕುಮಾರಕೃಪಾದ ಆವರಣದಲ್ಲಿ ಸಂಸ್ಥಾನದ ಅತಿಥಿಯಾಗಿ ತಂಗಿದ್ದರು. ಚೇತರಿಸಿಕೊಂಡ ಬಳಿಕ ಅವರು ಕೈಗೊಂಡ ಪ್ರವಾಸದಲ್ಲಿ ಚಿತ್ರದುರ್ಗವೂ ಸೇರಿತ್ತು. ಅವರನ್ನು ಗೌರವದಿಂದ ಬರಮಾಡಿಕೊಂಡ ಸರ್ಕಾರವೇ ಹನ್ನೆರಡು ವರ್ಷಗಳ ಬಳಿಕ, ಅವರ ಮಾತನ್ನು ಆಚರಣೆಗೆ ತಂದ ರೈತರನ್ನು ಸೆರೆಮನೆಗೆ ಕಳುಹಿಸಿತು.

ಆ ಘಟನೆ ನಡೆದದ್ದು ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆದಿತ್ತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತಿದ್ದರು. ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾಡಿಕೊಂಡ ಒಪ್ಪಂದದಿಂದ ಕಾಂಗ್ರೆಸ್ ಧ್ವಜಕ್ಕೆ ಸಂಸ್ಥಾನದ ಧ್ವಜದೊಡನೆ ಸ್ಥಾನ ದೊರೆಯಿತಾದರೂ ಜವಾಬ್ದಾರಿ ಸರ್ಕಾರ ದೊರೆಯಲಿಲ್ಲ. 1939ರಲ್ಲಿ ಮತ್ತೆ ಸತ್ಯಾಗ್ರಹ ಆರಂಭವಾದಾಗ ತುರುವನೂರಿನ ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಈಚಲ ಮರದ ಹೆಂಡದಿಂದ ಸರ್ಕಾರಕ್ಕೆ ಅಬಕಾರಿ ವರಮಾನ ಬರುತ್ತಿತ್ತು. ಮರ ಕಡಿಯುವುದೆಂದರೆ ಪಾನನಿರೋಧವೂ ಹೌದು, ಅರಣ್ಯ ಕಾನೂನಿನ ಉಲ್ಲಂಘನೆಯೂ ಹೌದು, ಖಜಾನೆಗೆ ಹಾಕಿದ ಪೆಟ್ಟೂ ಹೌದು. ದಂಡಿಯಲ್ಲಿ ಉಪ್ಪು ಏನಾಗಿತ್ತೋ ಕಡಲಿಲ್ಲದ ಈ ಬಯಲುಸೀಮೆಯಲ್ಲಿ ಈಚಲು ಮರ ಅದಾಯಿತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಈ ಚಳವಳಿಯಲ್ಲಿ ಸೆರೆಮನೆ ಸೇರಿದರು.

ಇಂಥ ಚಳವಳಿಯನ್ನು ಕಾಪಾಡಿಕೊಡುವ ದಾಖಲೆ ಬಹುಮಟ್ಟಿಗೆ ಚಳವಳಿಗಾರರದಲ್ಲ, ಅವರನ್ನು ಅಡಗಿಸಿದವರದು. ಪೊಲೀಸರ ವರದಿ, ಅಮಲ್ದಾರರ ಪತ್ರ, ಮ್ಯಾಜಿಸ್ಟ್ರೇಟರ ತೀರ್ಪು, ಸೆರೆಮನೆಯ ದಾಖಲಾತಿ ಪುಸ್ತಕ ಇವುಗಳಲ್ಲಿ ರೈತನೊಬ್ಬನು ಆರೋಪಿಯಾಗಿಯೇ ಕಾಣಿಸಿಕೊಳ್ಳುತ್ತಾನೆ. ಅವನು ಕಡಿದ ಮರಗಳಿಗೆ ಲೆಕ್ಕ ಸಿಗುತ್ತದೆ. ಏಕೆ ಕಡಿದನೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಶಾಸನದ ಪ್ರಶಸ್ತಿಭಾಗವನ್ನು ಓದುವಾಗ ವಿದ್ವಾಂಸನು ಅತಿಶಯೋಕ್ತಿಯನ್ನು ಕಳೆದು ಸಂಗತಿಯನ್ನು ಉಳಿಸಿಕೊಳ್ಳುವಂತೆ, ಈ ಕಡತಗಳನ್ನು ಓದುವಾಗ ಆಪಾದನೆಯನ್ನು ಕಳೆದು ಸಂಗತಿಯನ್ನು ಹೆಕ್ಕಬೇಕಾಗುತ್ತದೆ. ಅದೇ ದಿನಗಳ ‘ತಾಯಿನಾಡು’, ‘ವಿಶ್ವಕರ್ನಾಟಕ’ಗಳಂಥ ಪತ್ರಿಕೆಗಳು ಈ ಕೆಲಸಕ್ಕೆ ಒದಗುತ್ತವೆ. ಕಡತ ‘ಗುಂಪು’ ಎಂದು ಕರೆದುದನ್ನು ಪತ್ರಿಕೆ ‘ಸಭೆ’ ಎಂದು ಕರೆದಿದ್ದರೆ, ಸತ್ಯದ ವಿಚಾರಣೆ ಆ ಎರಡು ಪದಗಳ ನಡುವೆ ಆರಂಭವಾಗಬೇಕು.

ಇನ್ನೂ ಗಂಭೀರವಾದ ಪ್ರಶ್ನೆ ಕಾಗದವೇ ಇಲ್ಲದವರದು. ಸ್ವಾತಂತ್ರ್ಯದ ರಜತೋತ್ಸವದ ಸಂದರ್ಭದಲ್ಲಿ, 1972ರಲ್ಲಿ, ಕೇಂದ್ರ ಸರ್ಕಾರವು ಹೋರಾಟಗಾರರಿಗೆ ಪಿಂಚಣಿ ಯೋಜನೆಯನ್ನು ತಂದಿತು, ತಾಮ್ರಪತ್ರಗಳನ್ನೂ ನೀಡಿತು. ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸದ ಪುರಾವೆ ಬೇಕಿತ್ತು. ಒಮ್ಮೆ ಕಳಂಕವೆನಿಸಿದ್ದ ಸೆರೆಮನೆಯ ಚೀಟಿಯೇ ಈಗ ದೇಶಸೇವೆಯ ಸಾಕ್ಷ್ಯವಾಯಿತು. ಆದರೆ ತಲೆಮರೆಸಿಕೊಂಡವರಿಗೆ ರಾತ್ರಿ ರೊಟ್ಟಿ ಕಟ್ಟಿಕೊಟ್ಟ ತಾಯಿಗೆ, ಕರಪತ್ರವನ್ನು ಮಡಿಲಲ್ಲಿಟ್ಟು ಸಾಗಿಸಿದ ಹುಡುಗಿಗೆ, ಪೊಲೀಸರು ಬಂದಾಗ ಬಾಯಿ ಬಿಡದ ಕೂಲಿಯಾಳಿಗೆ ಯಾವ ಚೀಟಿ? ಸರ್ಕಾರದ ಕಣ್ಣಿಗೆ ಬೀಳದಿರುವುದೇ ಅವರ ಕೆಲಸದ ಯಶಸ್ಸಾಗಿತ್ತು. ಆ ಯಶಸ್ಸೇ ಅವರನ್ನು ಚರಿತ್ರೆಯಿಂದ ಹೊರಗಿರಿಸಿತು. ಹಲವು ಹೋರಾಟಗಾರರ ಮನೆಗಳಲ್ಲಿ ಇಂದು ಗೋಡೆಯ ಮೇಲಿರುವ ಚಿತ್ರವೂ ಹೋರಾಟದ ಕಾಲದ್ದಲ್ಲ. ಅದು ಮುಪ್ಪಿನಲ್ಲಿ ಹಾರ ಹಾಕಿಸಿಕೊಂಡು ತೆಗೆಸಿದ್ದು. ಅಂಥ ಚಿತ್ರವನ್ನು 1939ರ ಸಾಕ್ಷ್ಯವೆಂದು ಅಚ್ಚು ಮಾಡುವುದು ತಪ್ಪು; ಆದರೆ ಸ್ವತಂತ್ರ ದೇಶವು ತನ್ನ ಹಿರಿಯರನ್ನು ಎಂದು, ಹೇಗೆ ಗುರುತಿಸಿತೆಂಬುದಕ್ಕೆ ಅದು ಪ್ರಾಮಾಣಿಕ ಸಾಕ್ಷ್ಯವೇ ಸರಿ.

ಗಡಿಯ ಮಾತನ್ನೂ ಇಲ್ಲಿ ಹೇಳಬೇಕು. ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹುಟ್ಟಿದ ಹಲುವಾಗಲು ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕಾನೂನು ಓದಿದ್ದು ಮುಂಬಯಿ ಪ್ರಾಂತದ ಪುಣೆಯಲ್ಲಿ. ವಕೀಲಿ ನಡೆಸಿದ್ದು ಸಂಸ್ಥಾನದ ಚಿತ್ರದುರ್ಗದಲ್ಲಿ. ಸಂವಿಧಾನ ಸಭೆಗೆ ಹೋದದ್ದು ಮುಂಬಯಿಯ ಪ್ರತಿನಿಧಿಯಾಗಿ. ಒಬ್ಬ ಕನ್ನಡಿಗನ ಜೀವನದ ಕಾಗದಗಳು ಮೂರು ಆಡಳಿತಗಳಲ್ಲಿ ಹಂಚಿಹೋಗಿವೆ. ಬೆಂಗಳೂರಿನ ರಾಜ್ಯ ಪತ್ರಾಗಾರವೊಂದನ್ನೇ ನೋಡಿ ಚಿತ್ರದುರ್ಗದ ಚಳವಳಿಯನ್ನು ಬರೆಯಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1947ರ ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಆರಂಭವಾದಾಗ ಈ ಗಡಿಗೆ ಹೊಸ ಅರ್ಥ ಬಂದಿತು. ಗಡಿಯಾಚೆಯ ಬಳ್ಳಾರಿ ಜಿಲ್ಲೆ ಆಗಲೇ ಸ್ವತಂತ್ರ ಭಾರತದ ಪ್ರಾಂತವೊಂದರ ಭಾಗ. ಈಚೆಯ ಚಿತ್ರದುರ್ಗದಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತ. ಮಹಾರಾಜರು ಆಗಸ್ಟ್ 9ರಂದೇ ಭಾರತದೊಡನೆ ಸೇರ್ಪಡೆಯ ಪತ್ರಕ್ಕೆ ಸಹಿ ಹಾಕಿದ್ದರೂ ಪ್ರಜೆಗಳ ಪಾಲಿಗೆ ಬದಲಾದದ್ದು ಕಡಿಮೆ. ಸ್ವತಂತ್ರ ದೇಶದೊಳಗೆ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಸೇರಿದ ಆ ವಿದ್ಯಾರ್ಥಿಗಳನ್ನೂ ಕಾರ್ಮಿಕರನ್ನೂ ರೈತರನ್ನೂ ಯಾವ ಅಧ್ಯಾಯದಲ್ಲಿ ಸೇರಿಸಬೇಕು? ಆಗಸ್ಟ್ 15ಕ್ಕೆ ಪುಟ ಮುಗಿಸುವ ಚರಿತ್ರೆಯಲ್ಲಿ ಅವರಿಗೆ ಸ್ಥಳವಿಲ್ಲ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಹಳೆಯ ಚಿತ್ರವೊಂದು ಕೈಗೆ ಬಂದಾಗ ಅದನ್ನು ತೆಗೆದವರಾರು, ತೆಗೆಸಿದವರಾರು, ಅದರ ಹಿಂಬದಿಯ ಬರಹ ಯಾವ ಕಾಲದ್ದು ಎಂದು ಕೇಳುವುದು ಸಂಶೋಧಕನ ಮೊದಲ ಕರ್ತವ್ಯ. ಗುಂಪುಚಿತ್ರದಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತವರ ಹೆಸರುಗಳು ಅಡಿಯಲ್ಲಿ ಅಚ್ಚಾಗಿರುತ್ತವೆ. ಹಿಂದೆ ನಿಂತವರನ್ನು ‘ಇತರರು’ ಎಂದು ಕರೆದಿರುತ್ತಾರೆ. ಅವರ ಹೆಸರನ್ನು ಹೇಳಬಲ್ಲ ಮೊಮ್ಮಕ್ಕಳು ತುರುವನೂರಿನಂಥ ಊರುಗಳಲ್ಲಿ ಇನ್ನೂ ಇರುವಾಗಲೇ ಆ ‘ಇತರರು’ ಎಂಬ ಪದವನ್ನು ಬಿಡಿಸಿ ಬರೆಯಬೇಕು. ಕಾಗದ ಪತ್ರಾಗಾರದಲ್ಲಿ ಇನ್ನೊಂದು ನೂರು ವರ್ಷ ಬಾಳೀತು. ನೆನಪಿಗೆ ಅಷ್ಟು ಆಯುಸ್ಸಿಲ್ಲ.