ಕೃತಜ್ಞತಾಸ್ತುತಿ

ಪಡೆದ ಉಪಕಾರವನ್ನು ನೆನೆದು ದೇವರಿಗೆ ಸಲ್ಲಿಸುವ ಸ್ತುತಿ. ಕನ್ನಡ ಬೈಬಲಿನ ಮೂಲಕ ಕ್ರೈಸ್ತರ ಮಾತಿನಲ್ಲಿ ನೆಲೆನಿಂತ ಸಮಾಸ. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ಅರಿತವನು. ಉಪಕಾರವನ್ನು ಅರಿತವನು ಕೃತಜ್ಞ, ಮರೆತು ಕೆಡುಕು ಬಗೆಯುವವನು ಕೃತಘ್ನ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದಕ್ಕೆ ‘ಯೂಖರಿಸ್ತಿಯ’ ಎಂಬ ಪದವಿದೆ. ಅದರೊಳಗೇ ‘ಖಾರಿಸ್’, ಅಂದರೆ ಕೃಪೆ, ಅಡಗಿದೆ. ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ಪ್ರಕಾರ ರಕ್ಷಣೆ ಕೃಪೆಯಿಂದ ಸಿಗುವ ವರ, ಸತ್ಕ್ರಿಯೆಗಳು ಅದರ ಹಿಂದೆ ಬರುವಂಥವು. ಆದ್ದರಿಂದ ಒಳ್ಳೆಯ ನಡತೆ ಕೃಪೆಗೆ ತೆರುವ ಬೆಲೆಯಲ್ಲ, ಕೃಪೆ ಪಡೆದವರ ಕೃತಜ್ಞತೆ.

ಒಳ್ಳೆಯ ನಡತೆಯೇ ಕೃತಜ್ಞತೆ ಎಂಬ ಈ ಅರ್ಥಕ್ಕೆ ಕೋಲಾರ ಸೀಮೆಯ ಚರಿತ್ರೆಯಲ್ಲಿ ನಿದರ್ಶನವಿದೆ. 1876–78ರ ಬರಗಾಲದಲ್ಲಿ ಮಿಷನರಿ ಮಿಸ್ ಆನ್‌ಸ್ಟಿ ಇಲ್ಲಿ ಅನಾಥ ಮಕ್ಕಳನ್ನು ಸಾಕಿದರು. ಆ ಕೆಲಸ ಮುಂದೆ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಕೈಸೇರಿತು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಟ್ಟಿದ್ದೂ ಅದೇ ಮಿಷನ್.

ಬಳಕೆಯಲ್ಲಿ ಪದ ಹಲವು ರೂಪ ತಾಳುತ್ತದೆ. ಹೊಸ ಮನೆ ಕಟ್ಟಿದಾಗ, ಕಾಯಿಲೆ ವಾಸಿಯಾದಾಗ ನಡೆಯುವುದು ‘ಕೃತಜ್ಞತಾ ಕೂಟ’. ಆಗ ಕೊಡುವುದು ‘ಕೃತಜ್ಞತಾ ಕಾಣಿಕೆ’. ಸುಗ್ಗಿ ಹಬ್ಬದಲ್ಲಿ ಸಭೆಯವರು ಧಾನ್ಯ, ತರಕಾರಿ, ಕೋಳಿ, ಮೊಟ್ಟೆ ತಂದು ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅವನ್ನು ಹರಾಜು ಹಾಕುವುದುಂಟು. ಒಂದು ಕುಂಬಳಕಾಯಿಗೆ ಸಂತೆಯ ಬೆಲೆಯ ಹಲವು ಪಟ್ಟು ಕೂಗುತ್ತಾರೆ. ಬಂದ ಹಣ ಸಭೆಯ ಕೆಲಸಕ್ಕೆ ಸೇರುತ್ತದೆ.

ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯ ನುಡಿ, ನಡೆ ಎರಡನ್ನೂ ಕೃತಜ್ಞತಾಸ್ತುತಿಗೆ ಸೇರಿಸುತ್ತದೆ. ಹಾಗಾಗಿ ಭಾನುವಾರದ ಹಾಡಿನಷ್ಟೇ ವಾರದ ದುಡಿಮೆಗೂ ಈ ಪದ ಸಲ್ಲುತ್ತದೆ.