ನಿಗಡಿಯ ಕನ್ನಡಿಗರು: ನಿತ್ಯಜೀವನ, ಉದ್ಯೋಗ ಮತ್ತು ರಾಜಕಾರಣದ ಬಗೆಗಿನ ಅನಿಸಿಕೆಗಳು

ಪುಣೆಯ ವಾಯವ್ಯಕ್ಕೆ, ಹಳೆಯ ಮುಂಬಯಿ-ಪುಣೆ ಹೆದ್ದಾರಿಯ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ನಿಗಡಿಯು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿದ ಉಪನಗರ. ಶಿವಾಜಿ ಮಹಾರಾಜರು ಮತ್ತು ಸಂತ ತುಕಾರಾಮರ ಭೇಟಿಯನ್ನು ತೋರಿಸುವ ಭಕ್ತಿ-ಶಕ್ತಿ ಶಿಲ್ಪವು ಈ ಊರಿನ ಗುರುತು. ಇಲ್ಲಿ ಮನೆಮಾಡಿ ಎರಡು ಮೂರು ತಲೆಮಾರು ಕಳೆದ ಕನ್ನಡ ಕುಟುಂಬಗಳು ಸಾಕಷ್ಟಿವೆ. ಈ ಸಮಾಜದ ದಿನನಿತ್ಯದ ಬದುಕು, ದುಡಿಮೆ, ರಾಜಕಾರಣಗಳ ಬಗ್ಗೆ ನಮ್ಮವರ ಅಭಿಪ್ರಾಯವೇನು, ಅದಕ್ಕೆ ಹಿನ್ನೆಲೆಯೇನು ಎಂಬುದನ್ನು ಒಂದೆಡೆ ದಾಖಲಿಸುವುದು ಈ ಬರಹದ ಉದ್ದೇಶ.

ಬಂದ ದಾರಿಗಳು

ಕನ್ನಡಿಗರಿಗೆ ಪುಣೆಯ ನಂಟು ಹಳೆಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುನ್ನ ಆ ಭಾಗದ ಅನೇಕ ತರುಣರು ಉನ್ನತ ಶಿಕ್ಷಣಕ್ಕೆ ಪುಣೆಗೆ ಬರುತ್ತಿದ್ದರು. ಆಲೂರು ವೆಂಕಟರಾಯರೂ ದ.ರಾ. ಬೇಂದ್ರೆಯವರೂ ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿಗಳು, ವಿ.ಕೃ. ಗೋಕಾಕರು ಅಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಗದಗ ಸೀಮೆಯ ಭೀಮಸೇನ ಜೋಶಿಯವರು ಪುಣೆಯಲ್ಲಿಯೇ ನೆಲೆಸಿ, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವವನ್ನು 1953ರಿಂದ ಬೆಳೆಸಿದರು.

ನಿಗಡಿಗೆ ಕನ್ನಡಿಗರನ್ನು ಕರೆತಂದದ್ದು ಮುಖ್ಯವಾಗಿ ಉದ್ಯೋಗ. ಪಿಂಪ್ರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ನಂತರದ ದಶಕದಲ್ಲಿ ಆಕುರ್ಡಿಯ ಬಜಾಜ್ ಆಟೋ, ಪಿಂಪ್ರಿಯ ಟೆಲ್ಕೋ ಮೊದಲಾದ ಕಾರ್ಖಾನೆಗಳು ಬೆಳೆದವು. ಕಾರ್ಮಿಕರಿಗೂ ಮಧ್ಯಮವರ್ಗದವರಿಗೂ ವಸತಿ ಒದಗಿಸಲು 1972ರಲ್ಲಿ ಪಿಂಪ್ರಿ-ಚಿಂಚವಡ ನವನಗರ ವಿಕಾಸ ಪ್ರಾಧಿಕರಣ ರಚನೆಯಾಯಿತು. ಇಂದಿಗೂ ನಾವು ‘ಪ್ರಾಧಿಕರಣ’ ಎಂದು ಕರೆಯುವ ಬಡಾವಣೆಗಳು ಅದರ ಫಲ.

ಎರಡನೆಯ ದಾರಿ ಬ್ಯಾಂಕುಗಳದು. ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು 1980ರಲ್ಲಿ ರಾಷ್ಟ್ರೀಕರಣಗೊಂಡವು. ದೇಶದೆಲ್ಲೆಡೆ ಶಾಖೆಗಳು ಹೆಚ್ಚಿದಂತೆ ಕರಾವಳಿಯಲ್ಲಿ ಹುಟ್ಟಿದ ಈ ಬ್ಯಾಂಕುಗಳ ಅಧಿಕಾರಿಗಳು ವರ್ಗವಾಗಿ ಇಲ್ಲಿಗೂ ಬಂದರು. ಮೂರು ವರ್ಷಕ್ಕೆಂದು ಬಂದು, ಮಕ್ಕಳ ಶಾಲೆಯ ಕಾರಣದಿಂದ ಇಲ್ಲಿಯೇ ಉಳಿದವರು ನಮ್ಮ ಸಹೋದ್ಯೋಗಿಗಳಲ್ಲಿ ಹಲವರು. ಮೂರನೆಯದು ಉಡುಪಿ ಹೋಟೆಲುಗಳ ದಾರಿ. ನಾಲ್ಕನೆಯದು ಹಿಂಜವಡಿಯ ಮಾಹಿತಿ ತಂತ್ರಜ್ಞಾನದ್ದು. ಇನ್ಫೋಸಿಸ್ ಸಂಸ್ಥೆ 1981ರಲ್ಲಿ ಹುಟ್ಟಿದ್ದು ಪುಣೆಯಲ್ಲಿಯೇ. 1983ರಲ್ಲಿ ಅದು ಬೆಂಗಳೂರಿಗೆ ಹೋಯಿತು.

ದುಡಿಮೆಯ ಬಗ್ಗೆ

ಇಲ್ಲಿಯ ಕೆಲಸದ ವಾತಾವರಣದ ಬಗ್ಗೆ ನಮ್ಮವರಲ್ಲಿ ಬಹುಮಟ್ಟಿಗೆ ಒಳ್ಳೆಯ ಮಾತೇ ಇದೆ. ಪಾಳಿಯ ಸಮಯ, ಬೋನಸ್, ಕ್ಯಾಂಟೀನು ಎಲ್ಲಕ್ಕೂ ಲಿಖಿತ ಒಪ್ಪಂದವಿದ್ದ ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ಕಾರ್ಮಿಕ ಸಂಘಟನೆಯ ಶಿಸ್ತನ್ನು ಇಲ್ಲಿಯೇ ಕಲಿತೆವು ಎನ್ನುತ್ತಾರೆ. ಅವರ ಮಕ್ಕಳ ಅಭಿಪ್ರಾಯ ಬೇರೆ. ಆಕುರ್ಡಿಯಲ್ಲಿ ಬಜಾಜ್ ವಾಹನ ತಯಾರಿಕೆ 2007ರಲ್ಲಿ ನಿಂತಿತು. ತಂದೆ ಇಡೀ ಜೀವಮಾನ ಒಂದೇ ಗೇಟಿನಲ್ಲಿ ಒಳಹೋಗಿ ಬಂದಂಥ ಭದ್ರತೆ ತಮಗಿಲ್ಲವೆಂಬುದು ಅವರ ಕೊರಗು. ಬ್ಯಾಂಕಿನವರಿಗೂ ಅಂಥದೇ ಅನುಭವವಾಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಶಾಖೆಗೆ ಹೋದರೆ ಕೌಂಟರಿನ ಆಚೆ ಕನ್ನಡ ಕೇಳಿಸುತ್ತಿದ್ದ ಕಾಲ ಮುಗಿಯುತ್ತ ಬಂದಿತೆಂದು ಹಿರಿಯ ಗ್ರಾಹಕರು ನಿಟ್ಟುಸಿರು ಬಿಡುತ್ತಾರೆ.

ನಿತ್ಯಜೀವನದಲ್ಲಿ

ಮರಾಠಿಯನ್ನು ಕಲಿತವನಿಗೆ ಇಲ್ಲಿ ಯಾವ ಬಾಗಿಲೂ ಮುಚ್ಚಿಲ್ಲವೆಂಬುದು ಸರ್ವಸಮ್ಮತವಾದ ಅಭಿಪ್ರಾಯ. ಎರಡೂ ಭಾಷೆಗಳ ಅಡುಗೆಮನೆಗಳು ಮೊದಲಿನಿಂದಲೂ ಕೊಡು-ಕೊಳ್ಳುವಿಕೆ ನಡೆಸಿವೆ. ಮರಾಠಿಯ ‘ತೂಪ’ ನಮ್ಮ ತುಪ್ಪವೇ. ಅವರ ‘ಅಡಕಿತ್ತಾ’ದಲ್ಲಿ ನಮ್ಮ ಅಡಕೆ ಇದೆ. ಉತ್ತರ ಕರ್ನಾಟಕದವರ ಶೇಂಗಾ, ಬಟಾಟಿಗಳು ಅತ್ತಣಿಂದ ಬಂದವು. ಪಂಚಾಂಗವೂ ಒಂದೇ ಆದ್ದರಿಂದ ನಮ್ಮ ಯುಗಾದಿಯಂದೇ ಅವರ ಗುಡಿಪಾಡವಾ. ಸಂಕ್ರಾಂತಿಗೆ ನಾವು ಎಳ್ಳುಬೆಲ್ಲ ಕೊಟ್ಟರೆ ಅವರು ತಿಳಗುಳ ಕೊಡುತ್ತಾರೆ. ಜ್ಯೇಷ್ಠದಲ್ಲಿ ದೇಹೂವಿನಿಂದ ಹೊರಟ ತುಕಾರಾಮರ ಪಲ್ಲಕ್ಕಿ ಈ ದಾರಿಯಲ್ಲಿ ಸಾಗಿ ಆಕುರ್ಡಿಯಲ್ಲಿ ತಂಗುವಾಗ ವಾರಕರಿಗಳಿಗೆ ನೀರು, ಅವಲಕ್ಕಿ ಹಂಚುವವರಲ್ಲಿ ಕನ್ನಡ ಮನೆಗಳವರೂ ಇರುತ್ತಾರೆ. ಪಂಢರಪುರದ ವಿಠ್ಠಲ ಜ್ಞಾನೇಶ್ವರರಿಗೂ ನಮ್ಮ ಹರಿದಾಸರಿಗೂ ಒಬ್ಬನೇ ದೇವರು.

ಊರಿನ ಸಂಪರ್ಕದ ಬಗ್ಗೆಯೂ ಸಮಾಧಾನ ಹೆಚ್ಚಿದೆ. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ರೈಲು ಆರಂಭವಾಯಿತು. ಪಿಂಪ್ರಿಯವರೆಗೆ 2022ರಲ್ಲಿ ಬಂದ ಮೆಟ್ರೋವನ್ನು ನಿಗಡಿಯವರೆಗೆ ವಿಸ್ತರಿಸಲು 2023ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ದೂರುಗಳೂ ಇವೆ. ಪವನಾ ನದಿಯ ನೀರನ್ನು ಶುದ್ಧೀಕರಿಸುವ ಕೇಂದ್ರ ನಿಗಡಿಯಲ್ಲಿಯೇ ಇದ್ದರೂ, 2019ರ ನವೆಂಬರಿನಲ್ಲಿ ದಿನ ಬಿಟ್ಟು ದಿನ ನೀರು ಕೊಡುವ ವ್ಯವಸ್ಥೆ ಜಾರಿಗೆ ಬಂದು ವರ್ಷಗಟ್ಟಲೆ ಮುಂದುವರಿಯಿತು.

ಮಕ್ಕಳ ಭಾಷೆ

ಎಲ್ಲಕ್ಕಿಂತ ಹೆಚ್ಚಿನ ಆತಂಕ ಕೇಳಿಬರುವುದು ಮಕ್ಕಳ ಕನ್ನಡದ ಬಗ್ಗೆ. ಪುಣೆ ಕನ್ನಡ ಸಂಘವು ನಡೆಸುವ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಮಾಧ್ಯಮ ಪ್ರೌಢಶಾಲೆ ನಗರದಲ್ಲಿ ಹೆಸರಾದದ್ದು. ಆದರೆ ನಿಗಡಿಯ ಮಗುವಿಗೆ ಅದು ದಿನನಿತ್ಯ ಹೋಗಿಬರುವಷ್ಟು ಹತ್ತಿರವಿಲ್ಲ. ಬಹುತೇಕ ಮನೆಗಳವರು ಇಂಗ್ಲಿಷ್ ಮಾಧ್ಯಮವನ್ನೇ ಆಯ್ದುಕೊಳ್ಳುತ್ತಾರೆ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇದು ನ್ಯಾಯವೇ, ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಗೆ ಅಂಥದೇ ಕಾಯ್ದೆ ಮಾಡಿದೆ. ಇಂಗ್ಲಿಷು, ಮರಾಠಿ, ಹಿಂದಿಗಳ ನಡುವೆ ಕನ್ನಡದ ಅಕ್ಷರಗಳಿಗೆ ಮನೆಯಲ್ಲಿ ಮಾತ್ರ ಸ್ಥಳ ಉಳಿಯುತ್ತದೆ.

ಇದರಲ್ಲಿ ವ್ಯಾವಹಾರಿಕ ನಷ್ಟವೂ ಉಂಟು. ಕರ್ನಾಟಕದ ಸಿಇಟಿ ಪ್ರವೇಶಾರ್ಹತೆಯಲ್ಲಿ ಹೊರನಾಡು ಕನ್ನಡಿಗರ ಮಕ್ಕಳಿಗೆ ಪ್ರತ್ಯೇಕ ವಿಧಿಯಿದೆ, ಆದರೆ ಅವರು ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮಹಾರಾಷ್ಟ್ರದ ಅಧಿವಾಸ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸದ ದಾಖಲೆ ಬೇಕು. ವರ್ಗಾವಣೆಯ ಮೇಲೆ ಬಂದ ಕುಟುಂಬದ ಮಗು ಇತ್ತ ಅವಧಿ ಸಾಲದೆ, ಅತ್ತ ಅಕ್ಷರ ಬಾರದೆ ಎರಡೂ ಕಡೆಯಿಂದ ಹೊರಗುಳಿಯುವ ಸಂಭವವಿದೆ. ಆದುದರಿಂದ ಪಾಲಕರು ಹತ್ತನೆಯ ತರಗತಿಗೆ ಮೊದಲೇ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳುವುದೂ, ಮಕ್ಕಳಿಗೆ ಕನ್ನಡ ಓದು-ಬರಹ ಕಲಿಸುವುದೂ ಒಳ್ಳೆಯದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಸೂಚಿಸುತ್ತದೆ. ಕೇಳುವವರಿದ್ದರೆ ಮಾತ್ರ ಅದಕ್ಕೆ ಬೆಲೆ.

ರಾಜಕಾರಣ ಮತ್ತು ಮೌನ

ರಾಜಕಾರಣದ ಮಾತು ಬಂದೊಡನೆ ನಮ್ಮವರ ಧ್ವನಿ ತಗ್ಗುತ್ತದೆ. ಇದಕ್ಕೆ ಕಾರಣ ಗಡಿವಿವಾದ. 1967ರ ಮಹಾಜನ ಆಯೋಗದ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದಾಗ, ಪುಣೆಯ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಳಿಯಲಾಯಿತು. 2025ರ ಫೆಬ್ರುವರಿಯಲ್ಲಿಯೂ ಅಂಥ ಘಟನೆಗಳು ನಡೆದವು. ಆ ದಿನಗಳಲ್ಲಿ ಬಸ್ಸಿನ ಟಿಕೆಟ್ಟು ರದ್ದುಪಡಿಸಿ, ಬೀದಿಯಲ್ಲಿ ಫೋನಿಗೆ ಕನ್ನಡದಲ್ಲಿ ಉತ್ತರಿಸಲು ಹಿಂಜರಿದವರುಂಟು. ಆದರೂ ನೆರೆಮನೆಯವರು ಮುಖ ತಿರುಗಿಸಿದ್ದನ್ನು ನಾವು ಕಂಡಿಲ್ಲ. 2025ರ ಏಪ್ರಿಲಿನಲ್ಲಿ ಒಂದನೆಯ ತರಗತಿಯಿಂದ ಹಿಂದಿ ಕಡ್ಡಾಯವೆಂಬ ಆದೇಶ ಹೊರಟು, ಜೂನಿನಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು; ಆಗ ಮರಾಠಿ ಗೆಳೆಯರ ವಾದ ಕನ್ನಡಿಗರಿಗೆ ತಮ್ಮದೇ ಮಾತಿನಂತೆ ಕೇಳಿಸಿತು.

ಗಡಿಯ ವಿಚಾರದಲ್ಲಿ ಮೌನ ವಿವೇಕವೆಂದು ಹಲವರ ಮತ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಮೌನ ನಲ್ಲಿ, ರಸ್ತೆ, ಜಾಗಗಳ ವಿಚಾರಕ್ಕೂ ಹಬ್ಬಿರುವುದು ಸರಿಯಲ್ಲ. ಪ್ರಾಧಿಕರಣದ ಜಾಗಗಳು 99 ವರ್ಷಗಳ ಗುತ್ತಿಗೆಯ ಮೇಲೆ ಕೊಟ್ಟವು. ಮನೆ ಮಾರುವಾಗ, ಸಾಲ ಪಡೆಯುವಾಗ, ವಾರಸುದಾರರ ಹೆಸರು ಸೇರಿಸುವಾಗ ಆ ಕಾಗದಪತ್ರದ ತೊಡಕು ಮರಾಠಿಗರಿಗೂ ಕನ್ನಡಿಗರಿಗೂ ಒಂದೇ. 2021ರಲ್ಲಿ ಪ್ರಾಧಿಕರಣ ಪುಣೆ ಮಹಾನಗರ ಪ್ರದೇಶ ವಿಕಾಸ ಪ್ರಾಧಿಕರಣದಲ್ಲಿ ವಿಲೀನವಾದಾಗ, ಯಾವ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕೆಂದು ಎಲ್ಲರೂ ವಿಚಾರಿಸುವಂತಾಯಿತು. 2017ರಲ್ಲಿ ಚುನಾಯಿತವಾದ 128 ಸದಸ್ಯರ ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ತೀರಿದ ಮೇಲೆ ಚುನಾವಣೆಯಿಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆ ನಡೆಯಿತು. ಇವೆಲ್ಲ ನಮ್ಮ ಮನೆಯಂಗಳದ ರಾಜಕಾರಣ.

ಹೊರನಾಡು ಪರದೇಶವಲ್ಲ. ಥಾಯ್ಲೆಂಡಿನಲ್ಲಿ ದೀರ್ಘಕಾಲ ತಂಗುವ ವಿದೇಶೀಯರು ಸಾಮಾನ್ಯವಾಗಿ 90 ದಿನಗಳಿಗೊಮ್ಮೆ ತಮ್ಮ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ಅಪವಾದಗಳನ್ನು ಬಿಟ್ಟರೆ ಭೂಮಿ ಅವರ ಹೆಸರಿಗೆ ಆಗುವುದಿಲ್ಲ, ಮತದಾನದ ಹಕ್ಕೂ ಇಲ್ಲ. ಅಂಥವರು ಅಲ್ಲಿಯ ರಾಜಕಾರಣದ ಬಗ್ಗೆ ತಗ್ಗಿದ ಧ್ವನಿಯಲ್ಲಿ ಮಾತನಾಡಿದರೆ ಆಶ್ಚರ್ಯವಿಲ್ಲ. ಭಾರತದ ಯಾವ ಭಾಗದಲ್ಲಿಯೂ ನೆಲೆಸುವ, ಉದ್ಯೋಗ ಮಾಡುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಕಲ್ಮಾಡಿ ಶಾಮರಾಯರ ಮಗ ಸುರೇಶ ಕಲ್ಮಾಡಿಯವರನ್ನು ಪುಣೆಯ ಮತದಾರರು 1996, 2004 ಮತ್ತು 2009ರಲ್ಲಿ ಲೋಕಸಭೆಗೆ ಆರಿಸಿದ್ದರು. ಪಾಲಿಕೆಗೆ ತೆರಿಗೆ ಕಟ್ಟುವ, ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಕುಟುಂಬ ಅತಿಥಿಯಲ್ಲ, ಮನೆಯ ಸದಸ್ಯ.

ಮರಾಠಿಯಲ್ಲಿ ಅರ್ಜಿ ಬರೆದು ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಓದುವ ಕನ್ನಡಿಗ ತನ್ನ ಭಾಷೆಗೆ ಎರಡು ಬಗೆಯುವುದಿಲ್ಲ. ಅವನ ನಲ್ಲಿಗೆ ನೀರು ಬರಲಿ, ಮಗುವಿನ ಕೈಗೆ ಕನ್ನಡದ ಪುಸ್ತಕವೂ ಬರಲಿ. ಎರಡನ್ನೂ ಕೇಳಿ ಪಡೆಯಬೇಕಾದವರು ನಾವೇ. ನಿಗಡಿ, ಆಕುರ್ಡಿ, ಚಿಂಚವಡಗಳ ಕನ್ನಡ ಕುಟುಂಬಗಳು ಈ ಕುರಿತು ತಮ್ಮ ಮನೆಗಳಲ್ಲಿಯೂ ಬಳಗದಲ್ಲಿಯೂ ಚರ್ಚಿಸಬೇಕೆಂದು ನಮ್ಮ ವಿನಂತಿ.