ಕುಂಪಣಿಯ ನೌಕರರು ಮತ್ತು ಅವರ ಸಂಬಳ

ಇಂಗ್ಲಿಷ್ ಈಸ್ಟ್ ಇಂಡಿಯಾ ಕುಂಪಣಿಯು ಭರತಖಂಡದಲ್ಲಿ ರಾಜ್ಯಗಳನ್ನು ಗೆದ್ದ ಬಗೆಯನ್ನು ಬಲ್ಲವರು ಬಹುಮಂದಿ. ಅದು ತನ್ನ ನೌಕರರನ್ನು ನಡೆಯಿಸಿಕೊಂಡ ಬಗೆಯನ್ನು ವಿಚಾರಿಸಿದವರು ವಿರಳ. ಆದರೂ ಇದನ್ನು ತಿಳಿಯದೆ ಅದನ್ನು ತಿಳಿಯುವುದು ಕಷ್ಟ.

1744ರಲ್ಲಿ ಹದಿನೆಂಟು ವರ್ಷದ ರಾಬರ್ಟ್ ಕ್ಲೈವನು ಮದರಾಸಿನಲ್ಲಿ ಬಂದಿಳಿದಾಗ ಅವನಿಗಿದ್ದುದು ‘ರೈಟರ್’ ಎಂಬ ಕೆಳದರ್ಜೆಯ ಗುಮಾಸ್ತಗಿರಿ. ಸಂಬಳ 5 ಪೌಂಡು. ತಿಂಗಳಿಗಲ್ಲ, ವರ್ಷಕ್ಕೆ! ಇಷ್ಟರಿಂದ ಯಾವನೂ ಮಾನವಾಗಿ ಬದುಕಲಾರನೆಂಬುದು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಕುಳಿತಿದ್ದ ಡೈರೆಕ್ಟರುಗಳಿಗೆ ತಿಳಿಯದ ಸಂಗತಿಯಲ್ಲ. ಅವರು ಸಂಬಳವನ್ನು ಹೆಚ್ಚಿಸಲಿಲ್ಲ. ನೌಕರರು ಈ ದೇಶದೊಳಗೆ ಸ್ವಂತ ವ್ಯಾಪಾರ ಮಾಡಿಕೊಳ್ಳಬಹುದೆಂದು ಅಪ್ಪಣೆಯಿತ್ತು ಕಣ್ಣು ಮುಚ್ಚಿಕೊಂಡರು. ಯಜಮಾನನಿಗೆ ಕೂಲಿ ಉಳಿಯಿತು. ಉಳಿದ ಆ ಕೂಲಿಯನ್ನು ತೆತ್ತವರು ಬಂಗಾಳದ ನೇಕಾರರು ಮತ್ತು ಸಣ್ಣ ವರ್ತಕರು.

ಕುಂಪಣಿಯ ಸರಕಿಗೆ ಸುಂಕವಿಲ್ಲವೆಂದು ಫರ್ರುಖ್‌ಸಿಯರ್ ಬಾದಶಹನು 1717ರಲ್ಲಿ ಕೊಟ್ಟಿದ್ದ ಫರ್ಮಾನನ್ನು ನೌಕರರು ತಮ್ಮ ಸ್ವಂತ ಸರಕಿಗೂ ಹಚ್ಚಿದರು. ನವಾಬ ಮೀರ್ ಕಾಸಿಮನು ಹಲವು ಸಾರಿ ದೂರಿಕೊಂಡನು, ಫಲವಾಗಲಿಲ್ಲ. ಕಡೆಗೆ 1763ರಲ್ಲಿ ಅವನು ಎಲ್ಲ ವರ್ತಕರಿಗೂ ಸುಂಕವನ್ನು ತೆಗೆದುಬಿಟ್ಟನು. ಇದಕ್ಕಿಂತ ನ್ಯಾಯವಾದ ಮಾರ್ಗವಾವುದಿದ್ದಿತು? ಇದನ್ನೇ ಅಪರಾಧವೆಂದೆಣಿಸಿ ಕಲಕತ್ತೆಯ ಕೌನ್ಸಿಲಿನವರು ಅವನ ಮೇಲೆ ಯುದ್ಧ ಹೂಡಿದರು. ಲಂಡನ್ನಿಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿದ್ದಿತು. ಅಷ್ಟರಲ್ಲಿ ಹೊಲ ಮೇಯ್ದು ಮುಗಿದಿರುತ್ತಿದ್ದಿತು.

1765ರಲ್ಲಿ ಕ್ಲೈವನೇ ಗವರ್ನರನಾಗಿ ಈ ಕೊಳೆಯನ್ನು ತೊಳೆಯಲು ಬಂದನು. ಸಂಬಳ ಸಾಲದೆಂಬುದನ್ನು ಅವನು ಉಂಡು ಬಲ್ಲವನು. ಆದುದರಿಂದ ಉಪ್ಪಿನ ವ್ಯಾಪಾರವನ್ನು ಒಂದು ಕೂಟದ ಕೈಗೆ ಕೊಟ್ಟು, ಅದರ ಲಾಭವನ್ನು ಹಿರಿಯ ಅಧಿಕಾರಿಗಳಿಗೆ ಹಂಚಲು ಏರ್ಪಡಿಸಿದನು. ಅದೇ ಕಾಲದಲ್ಲಿ ಸೈನ್ಯದವರ ಭತ್ಯಕ್ಕೆ ಕತ್ತರಿ ಬಿದ್ದಿತು. 1766ರಲ್ಲಿ ಬಂಗಾಳದ ಬಿಳಿಯ ಸೇನಾಧಿಕಾರಿಗಳು ಗುಂಪುಗುಂಪಾಗಿ ರಾಜೀನಾಮೆಯಿತ್ತರು. ಉಪ್ಪಿನ ಕೂಟವನ್ನು ಡೈರೆಕ್ಟರುಗಳು ಒಪ್ಪಲಿಲ್ಲ. 1768ರಲ್ಲಿ ಅದು ನಿಂತಿತು. 1770ರ ಘೋರಕ್ಷಾಮದ ಮರುವರ್ಷವೇ ಪಾಲುದಾರರ ಲಾಭಾಂಶವು ಶೇಕಡ 12½ಕ್ಕೆ ಏರಿದುದೂ, 1773ರಲ್ಲಿ ಕುಂಪಣಿಯು 14 ಲಕ್ಷ ಪೌಂಡುಗಳ ಸಾಲಕ್ಕಾಗಿ ಬ್ರಿಟಿಷ್ ಸರ್ಕಾರದ ಮುಂದೆ ಕೈಯೊಡ್ಡಿದುದೂ ಪ್ರಸಿದ್ಧವಾಗಿವೆ.

1786ರಲ್ಲಿ ಬಂದ ಕಾರ್ನ್‌ವಾಲಿಸನು ರೋಗದ ಮೂಲವನ್ನು ಕಂಡನು. ಅವನ ಏರ್ಪಾಟಿನಲ್ಲಿ ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಸಂಬಳವೂ ವಸೂಲಿನ ಮೇಲೆ ಕಮಿಷನ್ನೂ ಗೊತ್ತಾದುವು. ಖಾಸಗಿ ವ್ಯಾಪಾರವು ನಿಷಿದ್ಧವಾಯಿತು. ಆದರೆ ಈ ಔಷಧವು ಬಿಳಿಯರಿಗೆ ಮಾತ್ರ. ಒಂದು ಠಾಣೆಯ ಪ್ರಜೆಗಳೆಲ್ಲರ ರಕ್ಷಣೆಯನ್ನು ಹೊತ್ತ ದೇಶೀಯ ದರೋಗನಿಗೆ ಗೊತ್ತಾದ ಸಂಬಳ 25 ರೂಪಾಯಿ. ಅವನು ಲಂಚ ತಿಂದರೆ ದೇಶೀಯರ ಸ್ವಭಾವವೇ ಅಂಥದೆಂದು ನಿರ್ಣಯ! ಕ್ಲೈವನ ಕಾಲದ ರೈಟರುಗಳ ಸ್ವಭಾವವು ಆಗ ಯಾರ ನೆನಪಿಗೂ ಬಂದಂತಿಲ್ಲ.

ನೆನಪಿದ್ದವನೊಬ್ಬನು ತಾಮಸ್ ಮನ್ರೋ. 1780ರಲ್ಲಿ ಕೆಡೆಟ್ಟಾಗಿ ಬಂದ ಅವನಿಗೆ ಮೊದಲ ಮೂರು ವರ್ಷ ಪುಸ್ತಕವೋ ತೋಟಾಚೀಲವೋ ತಲೆದಿಂಬಾಗಿದ್ದಿತೆಂದು ತಂಗಿಗೆ ಬರೆದಿರುವನು. 1799ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಅಲ್ಲಿನ ಹಳೆಯ ಕಂದಾಯದ ಲೆಕ್ಕಗಳನ್ನು ಶೋಧಿಸಿದವನೂ ಇವನೇ. ಮದರಾಸಿನ ಗವರ್ನರನಾಗಿದ್ದಾಗ, 1824ರ ಡಿಸೆಂಬರ್ 31ರಂದು ಬರೆದ ದೀರ್ಘವಾದ ಲೇಖದಲ್ಲಿ, ಅಲ್ಪ ಸಂಬಳವನ್ನು ಕೊಟ್ಟು ಉನ್ನತ ಪದವಿಗಳ ಬಾಗಿಲನ್ನು ಮುಚ್ಚಿದ ಮೇಲೆ ಯಾವ ಜನಾಂಗದಿಂದಲೂ ಪ್ರಾಮಾಣಿಕತೆಯನ್ನು ನಿರೀಕ್ಷಿಸಲಾಗದೆಂದು ವಾದಿಸಿದನು. 1833ರ ಶಾಸನವು ಜಾತಿ ವರ್ಣಗಳ ಕಾರಣದಿಂದ ಯಾರನ್ನೂ ಹುದ್ದೆಯಿಂದ ದೂರವಿಡಕೂಡದೆಂದು ಸಾರಿತು. ಕುಂಪಣಿಯ ಆಳಿಕೆಯು 1858ರಲ್ಲಿ ಮುಗಿಯುವವರೆಗೂ ಅದರ ಮೇಲ್ದರ್ಜೆಯ ಸಿವಿಲ್ ಸರ್ವಿಸಿಗೆ ಒಬ್ಬ ಭಾರತೀಯನೂ ಸೇರಲಿಲ್ಲ.